ಕರಗುವುದೋ, ಉಳಿಯುವುದೋ?

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾಫಿಯಾಯಿತು, ಕುಶಲಪ್ರಶ್ನೆಗಳೂ ಮುಗಿದವು. ಆದರೂ ಆತ ಏಳಲಿಲ್ಲ. ಬಹಳ ಹೊತ್ತು ನೆಲವನ್ನೇ ನೋಡುತ್ತ ಕುಳಿತಿದ್ದು, ಕೊನೆಗೆ, “ಸಾರ್, ತಾವು ಜೀವಶಾಸ್ತ್ರ ಕಲಿಸಿದವರು. ತಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?” ಎಂದು ಪೀಠಿಕೆ ಹಾಕಿದ.

ಆತನಿಗೆ ಮದುವೆ ನಿಶ್ಚಯವಾಗಿತ್ತು. ತನ್ನ ಪುರುಷಾಂಗ ಸಾಲದೆಂಬ ಕೊರಗು ಹದಿನಾರನೆಯ ವಯಸ್ಸಿನಿಂದ ಕಾಡುತ್ತಿತ್ತಂತೆ. ಚರ್ಮದಡಿ ಸೂಜಿಯಿಂದ ದ್ರವ್ಯ ತುಂಬಿ ಅದನ್ನು ದಪ್ಪಗೊಳಿಸುವ ಚಿಕಿತ್ಸೆ ಇದೆ. ತುಂಬುವ ದ್ರವ್ಯಗಳಲ್ಲಿ ಒಂದು ಕೆಲಕಾಲಕ್ಕೆ ಕರಗುವುದು, ಇನ್ನೊಂದು ಕಡೆತನಕ ಉಳಿಯುವುದು. “ಎರಡರಲ್ಲಿ ಯಾವುದು ಮೇಲು?” ಎಂಬುದು ಆತನ ಪ್ರಶ್ನೆ.

ನಾನು ನಗಲಿಲ್ಲ. ಲಜ್ಜೆಯಿಂದ ನುಂಗಿಕೊಂಡ ಪ್ರಶ್ನೆಗೆ ಉತ್ತರ ಹೇಳಲು ಮೋಸಗಾರರು ಸದಾ ಸಿದ್ಧರಾಗಿರುತ್ತಾರೆ. ಆದುದರಿಂದ ಮೊದಲು ಒಂದು ಹಳೆಯ ಸಂಗತಿಯನ್ನು ಹೇಳಿದೆ.

1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ, ಕ್ಷಯದ ಕಾರಣ ವೃಷಣಗಳನ್ನು ಕಳೆದುಕೊಂಡಿದ್ದ ಯುವಕನೊಬ್ಬನ ಬರಿದಾದ ಚೀಲಕ್ಕೆ ವ್ಯಾಸಲೀನನ್ನು ಚುಚ್ಚಿ ತುಂಬಿದ. ಉದ್ದೇಶ ಕರುಣೆಯದೇ. ಆಕಾರ ಮರಳಿತು, ವಿಧಾನ ಹಬ್ಬಿತು, ಮೂಗು, ಕೆನ್ನೆ, ಸ್ತನಗಳಿಗೂ ವ್ಯಾಸಲೀನು, ಪ್ಯಾರಾಫಿನ್ ಮೇಣಗಳನ್ನು ತುಂಬಿದ್ದಾಯಿತು. ಶರೀರವಾದರೋ ಅವನ್ನು ಜೀರ್ಣಿಸಿಕೊಳ್ಳಲಾರದೆ, ಹೊರಗೂ ದೂಡಲಾರದೆ ಸುತ್ತಲೂ ಗಡ್ಡೆ ಕಟ್ಟಿತು. ವರ್ಷಗಳು ಕಳೆದ ಮೇಲೆ ಹುಣ್ಣು, ವಿಕಾರಗಳು ತಲೆದೋರಿದವು. ಆ ಗಡ್ಡೆಗೆ ‘ಪ್ಯಾರಾಫಿನೋಮ’ ಎಂಬ ಹೆಸರು ಬಂದಿತು. ಇಂದಿಗೂ ಗುಟ್ಟಾಗಿ ಎಣ್ಣೆ ಚುಚ್ಚಿಕೊಂಡು ಕೊನೆಗೆ ಶಸ್ತ್ರವೈದ್ಯರ ಬಾಗಿಲಿಗೆ ಬರುವವರಿದ್ದಾರೆ.

ಈಗಿನ ದ್ರವ್ಯಗಳು ಅಷ್ಟು ಒರಟಲ್ಲ, ನಿಜ. ಕರಗುವ ಬಗೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲ. ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬಿಬ್ಬರು 1934ರಲ್ಲಿ ಅದನ್ನು ದನದ ಕಣ್ಣಿನೊಳಗಿನ ಲೋಳೆಯಲ್ಲಿ ಕಂಡರು. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಅದು ಸಹಜವಾಗಿಯೇ ಇದೆ. ತುಂಬಿದ್ದು ಒಂದೆರಡು ವರ್ಷಗಳಲ್ಲಿ ಬಹುಮಟ್ಟಿಗೆ ಕರಗುತ್ತದೆ. ಕೆಟ್ಟರೆ ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಬೇಗನೆ ಕರಗಿಸಲೂಬಹುದು. ಹಾಗೆಂದು ನಿರಪಾಯವೇನಲ್ಲ, ಗಂಟು, ಸೋಂಕು, ಓರೆಕೋರೆ ಇದರಲ್ಲೂ ಉಂಟು. ಉಳಿಯುವ ಬಗೆಗೆ ಪಾಲಿಮೀಥೈಲ್ ಮೆಥಾಕ್ರಿಲೇಟಿನ ಸೂಕ್ಷ್ಮ ಗೋಲಿಗಳೊಂದು ನಿದರ್ಶನ. ಗಾಜಿನ ಬದಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ಕೂ ಇದೇ. ಗೋಲಿಗಳ ಸುತ್ತ ಶರೀರ ತನ್ನ ಊತಕವನ್ನು ನೇಯ್ದುಕೊಳ್ಳುತ್ತದೆ. ಮುಂದೆಂದೋ ಉರಿಯೂತವಾದರೆ ಕರಗಿಸುವ ಮದ್ದಿಲ್ಲ. ಕೊಯ್ದೇ ತೆಗೆಯಬೇಕು, ಒಡನೆ ತನ್ನ ಮಾಂಸವೂ ಹೋದೀತು.

“ಹಾಗಾದರೆ ಕರಗುವುದೇ ವಾಸಿ, ಅಲ್ಲವೆ ಸಾರ್?”

“ಎರಡರಲ್ಲೇ ಆರಿಸುವುದಾದರೆ ಹೌದು. ಕರಗುವುದೆಂಬುದನ್ನು ನೀನು ಅದರ ದೋಷವೆಂದು ಎಣಿಸಿದ್ದೆ. ಅದೇ ಅದರ ಗುಣ. ತಪ್ಪಿದರೆ ಹಿಂದಿರುಗಲು ದಾರಿಯಿದೆ. ಶರೀರ ಬದಲಾಗುತ್ತದೆ, ಮನಸ್ಸು ಅದಕ್ಕಿಂತ ಬೇಗ ಬದಲಾಗುತ್ತದೆ. ಇಂದಿನ ಕೊರಗಿಗೆ ನಾಳಿನ ನಲವತ್ತು ವರ್ಷಗಳನ್ನು ಒತ್ತೆಯಿಡಬೇಡ. ಆದರೆ ಆಯ್ಕೆ ಎರಡೇ ಎಂದು ನಿನಗೆ ಹೇಳಿದವರಾರು?”

2015ರಲ್ಲಿ ಡೇವಿಡ್ ವೀಲ್ ಮತ್ತು ಸಂಗಡಿಗರು 15,521 ಪುರುಷರ ಅಳತೆಗಳನ್ನು ಕಲೆಹಾಕಿ ಪ್ರಕಟಿಸಿದ್ದರು. ಉದ್ರೇಕದ ಸ್ಥಿತಿಯಲ್ಲಿ ಸರಾಸರಿ ಉದ್ದ 13.12 ಸೆಂಟಿಮೀಟರು, ಸುತ್ತಳತೆ 11.66. ಈ ಅಂಕೆಗಳನ್ನು ಚೀಟಿಯೊಂದರ ಮೇಲೆ ಬರೆದು ಆತನ ಕೈಗಿತ್ತೆ. ಓದಿದ, ಮತ್ತೊಮ್ಮೆ ಓದಿದ.

“ನನ್ನದೂ ಹೆಚ್ಚುಕಡಮೆ ಇಷ್ಟೇ, ಸಾರ್,” ಎಂದ ಮೆಲ್ಲಗೆ.

ಹತ್ತು ವರ್ಷಗಳ ಕೊರಗು ಒಂದು ಚೀಟಿಯಿಂದ ಹೋಗುವಂಥದಲ್ಲವೆಂದು ನಾನು ಬಲ್ಲೆ. ಮೊದಲು ಒಬ್ಬ ಮೂತ್ರರೋಗತಜ್ಞರನ್ನೂ, ಬೇಕೆನಿಸಿದರೆ ಮನೋವೈದ್ಯರನ್ನೂ ಕಾಣುವಂತೆ ಹೇಳಿ ಬೀಳ್ಕೊಟ್ಟೆ. ಮುಂದೆ ಆತ ಏನು ಮಾಡಿದನೆಂದು ನಾನು ಕೇಳಲಿಲ್ಲ. ಮದುವೆಯ ಕರೆಯೋಲೆ ಬಂತು. ಹೋಗಿ ಅಕ್ಷತೆ ಹಾಕಿ ಬಂದೆ.