ಕಪಾಟಿನಲ್ಲಿ ಉಳಿದ ಕಂಠ

ಹಾಡಿದವರ ಕಂಠ ನಿಂತ ಮೇಲೆ ನಾದವು ಎಲ್ಲಿಗೆ ಹೋಗುವುದೆಂದು ಹಿರಿಯರು ಕೇಳುವುದುಂಟು. ಹುಬ್ಬಳ್ಳಿಯ ಧ್ವನಿಮುದ್ರಿಕೆಗಳ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕಾಯಕ ಮಾಡಿದ ನನಗೆ, ಅದು ಕಪಾಟಿನಲ್ಲಿ ಭದ್ರವಾಗಿರುವುದೆಂಬ ನಂಬಿಕೆಯಿತ್ತು. ಆ ನಂಬಿಕೆಗೆ ಎರವಾದವನೂ ನಾನೇ.

ಹುಬ್ಬಳ್ಳಿ ಧಾರವಾಡಗಳ ನಡುವಿನ ಸತ್ತೂರ ನನ್ನ ಊರು. 1972ರಲ್ಲಿ, ಹದಿನೇಳರ ಹರೆಯದಲ್ಲಿ, ಅಂಗಡಿ ಸೇರಿದೆನು. ಮುಂಜಾನೆ ತಟ್ಟೆಗಳ ಧೂಳನ್ನು ಮೆತ್ತನೆಯ ಅರಿವೆಯಿಂದ ಒರೆಸುವುದು, ಗಿರಾಕಿಗಳು ಕೇಳಿದ್ದನ್ನು ಹಚ್ಚಿ ಕೇಳಿಸುವುದು ನನ್ನ ಕೆಲಸ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಕಚೇರಿಯಲ್ಲಿ ಒಂದು ತಾಸು ವಿಸ್ತರಿಸುವ ರಾಗವನ್ನು ಗಾಯಕರು ಅಷ್ಟರಲ್ಲಿಯೇ ಅಡಕಗೊಳಿಸಬೇಕಾಗಿತ್ತು.

ನಮ್ಮಲ್ಲಿಗೆ ಬರುವ ಮನೆತನಗಳ ಮೊದಲ ಬೇಡಿಕೆ ಮಲ್ಲಿಕಾರ್ಜುನ ಮನಸೂರರ ವಚನಗಾಯನ. ವಚನಕ್ಕೆ ಪದ್ಯದಂತೆ ಕಟ್ಟಿಟ್ಟ ಮಾತ್ರೆಗಳಿಲ್ಲ. ಅದನ್ನು ರಾಗ ತಾಳಗಳಿಗೆ ಒಗ್ಗಿಸಿಯೂ ಅರ್ಥ ಕೆಡದಂತೆ ಹಾಡುವುದು ಅವರಿಗೆ ಸಿದ್ಧಿಸಿತ್ತು. 1992ರ ಸೆಪ್ಟೆಂಬರ 12ರಂದು ಅವರು ಲಿಂಗೈಕ್ಯರಾದಾಗ, ಅವರ ವಚನಗಳನ್ನು ಕೇಳಿಕೊಂಡು ಬಂದವರೇ ಬಹಳ.

ಅದಕ್ಕೂ ಮೊದಲೇ ಕ್ಯಾಸೆಟ್ಟಿನ ಕಾಲ ಬಂದಿತ್ತು. ಜಾಗ ಸಾಲದೆಂದು ಹಳೆಯ ತಟ್ಟೆಗಳನ್ನು ಹೊರಹಾಕಲು ಮಾಲೀಕರು ಹೇಳಿದರು. ನಾನು ಮರುಮಾತಿಲ್ಲದೆ ಗೋಣಿಚೀಲಗಳಿಗೆ ತುಂಬಿದೆನು. ಕೆಲವು ಅಲ್ಲಿಯೇ ಒಡೆದವು.

ಕೆಲ ದಿನಗಳ ತರುವಾಯ ವೃದ್ಧ ರೈತರೊಬ್ಬರು ಧೋತರದ ತುಂಡಿನಲ್ಲಿ ಸುತ್ತಿದ ಎರಡು ಹೋಳುಗಳನ್ನು ಮುಂದಿಟ್ಟರು. "ತಮ್ಮಾ, ನಮ್ಮವ್ವ ದಿನಾ ಇದನ್ನ ಕೇಳತಿದ್ಲು. ಇಂಥಾದ್ದ ಇನ್ನೊಂದು ಕೊಡಪಾ" ಎಂದರು. ಅದರ ಮೇಲೆ 'ಗಾಂಧಾರಿ, ಹುಬ್ಬಳ್ಳಿ' ಎಂದಿತ್ತು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಆ ಹೆಸರಿನಿಂದ ಧ್ವನಿಮುದ್ರಣ ನೀಡಿದ್ದರು. ಅಂಥದೇ ತಟ್ಟೆಯನ್ನು ನನ್ನ ಕೈಯಾರೆ ಚೀಲಕ್ಕೆ ಹಾಕಿದ್ದೆನು. "ಇಲ್ಲರೀ, ಯಜಮಾನ್ರ" ಎನ್ನುವಾಗ ನನ್ನ ಧ್ವನಿ ಉಡುಗಿತು. ಅವರು ಹೋಳುಗಳನ್ನು ಮತ್ತೆ ಜೋಪಾನವಾಗಿ ಸುತ್ತಿಕೊಂಡು ಹೊರಟುಹೋದರು.

ಆ ನಷ್ಟದ ಆಳ ಆಮೇಲೆ ತಿಳಿಯಿತು. ಗಂಗೂಬಾಯಿಯವರ ಮೊದಲಿನ ಕಂಠ ಎತ್ತರದ್ದು, ತೆಳುವಾದದ್ದು. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಭೀರವಾಗಿ ಮಾರ್ಪಟ್ಟಿತು. ಲೋಕವು ಮೆಚ್ಚಿದ್ದು ಆ ಧೀರ ಸ್ವರವನ್ನೇ. ಆಗ ಅವರು ನಮ್ಮ ಹುಬ್ಬಳ್ಳಿಯಲ್ಲಿಯೇ ವಾಸವಾಗಿದ್ದರು. ಆದರೂ ಅವರ ಎಳವೆಯ ಕಂಠವನ್ನು ಅವರೂ ಮರಳಿ ಕೊಡಲಾರರು. ಅದು ಆ ತಟ್ಟೆಗಳಲ್ಲಿ ಮಾತ್ರ ಉಳಿದಿತ್ತು. 2009ರಲ್ಲಿ ಅವರು ಅಗಲಿದ ದಿನ ನನಗೆ ನೆನಪಾದದ್ದು ಆ ಎರಡು ಹೋಳುಗಳು.

ಬಂಧುಗಳೇ, ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ತಟ್ಟೆಗಳಿದ್ದರೆ ಅವುಗಳನ್ನು ಒಂದರ ಮೇಲೊಂದು ಹೇರದೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲು, ತೇವ ತಾಗಗೊಡಬೇಡಿರಿ. ಸ್ಪಿರಿಟ್ಟಿನಿಂದ ಒರೆಸಬೇಡಿರಿ, ಅರಗು ಅದರಲ್ಲಿ ಕರಗುವುದು. ಬಲ್ಲವರಿಂದ ಗಣಕಯಂತ್ರಕ್ಕೆ ಇಳಿಸಿಟ್ಟುಕೊಳ್ಳಿರಿ. ಗಿರಾಕಿ ಇಲ್ಲವೆಂದು ಅಂಗಡಿಯು ಬಿಸುಟ ವಸ್ತುವನ್ನು ಮನೆಯಾದರೂ ಕಾಯಬೇಕು. ನಾನು ಕಾಯಲಿಲ್ಲ, ನೀವು ಕಾಯಿರಿ.