ಜಿಪ್ಪಿಗೆ ಸಿಕ್ಕಿಕೊಂಡರೆ ಎಳೀಬೇಡಿ

ಪ್ಯಾಂಟಿನ ಜಿಪ್ಪಿಗೆ ಶಿಶ್ನದ ಚರ್ಮ ಸಿಕ್ಕಿಕೊಳ್ಳೋದು ಜೋಕ್ ಅನ್ಸುತ್ತೆ, ಆಗೋವರೆಗೆ. ಚಿಕ್ಕ ಹುಡುಗರಲ್ಲಿ ಹೆಚ್ಚು, ಅವಸರದಲ್ಲಿರುವ ದೊಡ್ಡವರಿಗೂ ತಪ್ಪಿದ್ದಲ್ಲ. ಗಾಯ ಸಾಮಾನ್ಯವಾಗಿ ಸಣ್ಣದೇ. ಅದನ್ನು ದೊಡ್ಡದು ಮಾಡುವುದು ನಾಚಿಕೆ: ಯಾರಿಗೂ ಹೇಳದೆ ಬಾತ್‌ರೂಮಿನಲ್ಲಿ ನಿಂತು ಜಗ್ಗುವುದು.

ಎಂಜಿನಿಯರಿಂಗ್ ಓದಿದ ನನಗೆ ಇದರ ಚಿಕಿತ್ಸೆ ಬಹಳ ಇಷ್ಟ. ಯಾಕಂದ್ರೆ ಡಾಕ್ಟರು ಆಪರೇಷನ್ ಮಾಡೋದು ಜಿಪ್ಪಿಗೆ! ಜಿಪ್ಪಿನ ರನ್ನರ್ ಅಂದರೆ ಹಿಂದೊಂದು ಮುಂದೊಂದು ಲೋಹದ ತಗಡು. ಎರಡನ್ನೂ ಹಿಡಿದಿಟ್ಟಿರುವುದು ನಡುವಿನ ಒಂದೇ ಸಣ್ಣ ಕೊಂಡಿ. ಕಟಿಂಗ್ ಪ್ಲೇಯರಿನಿಂದ ಅದನ್ನು ತುಂಡರಿಸಿದರೆ ತಗಡುಗಳು ಬೇರೆಯಾಗುತ್ತವೆ, ಚರ್ಮ ಬಿಡುಗಡೆ. ರನ್ನರ್ ದಾಟಿಹೋಗಿ ಬರೀ ಹಲ್ಲುಗಳ ನಡುವೆ ಸಿಕ್ಕಿದ್ದರೆ, ಕೆಳಗೆ ಜಿಪ್ಪಿನ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಹಲ್ಲುಗಳು ತಾವೇ ಬಿಚ್ಚಿಕೊಳ್ಳುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಬೇಬಿ ಆಯಿಲ್ ಧಾರಾಳವಾಗಿ ಹಾಕಿ 10 ನಿಮಿಷ ಬಿಟ್ಟು, ಮೆಲ್ಲಗೆ ಅಲುಗಿಸಿ ನೋಡಿ. ಬರಲಿಲ್ಲವೇ? ಸುತ್ತಲಿನ ಬಟ್ಟೆ ಕತ್ತರಿಸಿ, ಪಂಚೆ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿ. ಪ್ಲೇಯರ್ ಡಾಕ್ಟರ ಕೈಲಿರಲಿ. ಅವರು ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಹೋದರೆ ಒಂದು ಪ್ಯಾಂಟ್ ತಾನೇ.

ಬಿಡಿಸಿದ ಮೇಲೆ ನೀರಲ್ಲಿ ತೊಳೆದು, ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ಇಣುಕಬೇಡಿ. ಡೆಟಾಲ್, ಅರಿಶಿನ ಬೇಡ. ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿ. ಪೂರ್ತಿ ಮಾಯುವವರೆಗೆ ಲೈಂಗಿಕ ಸಂಪರ್ಕಕ್ಕೆ ರಜೆ. ರಕ್ತ ನಿಲ್ಲದಿದ್ದರೆ, ಮೂತ್ರ ಹೋಗದಿದ್ದರೆ, ಹಿಂದೆ ಸರಿದ ಮುಂದೊಗಲು ಮತ್ತೆ ಮುಂದೆ ಬಾರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ.