ಮಜ್ಜೆಯೊಡನೆ ಬರುವ ಹಗೆ

ಇಲಿಯ ತೊಡೆಮೂಳೆಯ ಎರಡೂ ತುದಿಗಳನ್ನು ಕತ್ತರಿಸಿ, ಒಂದು ತುದಿಗೆ ಸಣ್ಣ ಸೂಜಿಯಿಟ್ಟು ದ್ರಾವಣ ಹಾಯಿಸಿದರೆ, ಇನ್ನೊಂದು ತುದಿಯಿಂದ ಕೆಂಪು ಎಳೆಯಂತೆ ಜಾರಿ ಬರುವ ಮೆದು ಪದಾರ್ಥವೇ ಅಸ್ಥಿಮಜ್ಜೆ; ರಕ್ತದ ಎಲ್ಲ ಬಗೆಯ ಕಣಗಳನ್ನೂ ಹುಟ್ಟಿಸುವ ಆಕರಕೋಶಗಳ ನೆಲೆ ಇದು. ತೀವ್ರ ವಿಕಿರಣದಿಂದ ಮಜ್ಜೆ ನಾಶವಾಗಿ ಕೆಲವೇ ವಾರಗಳಲ್ಲಿ ಸಾಯಬೇಕಾದ ಇಲಿಯು ಬೇರೊಂದು ಇಲಿಯ ಮಜ್ಜೆಯನ್ನು ಚುಚ್ಚಿದರೆ ಬದುಕುತ್ತದೆ ಎಂಬುದನ್ನು 1951ರಲ್ಲಿ ಅಮೆರಿಕದ ಈಗನ್ ಲೊರೆನ್ಜ್ ಮತ್ತು ಸಂಗಡಿಗರು ತೋರಿಸಿದರು. ಆದರೆ ದಾನಿ ಇಲಿ ಬೇರೆ ತಳಿಯದಾಗಿದ್ದರೆ, ವಿಕಿರಣದ ಗಂಡಾಂತರದಿಂದ ಪಾರಾದ ಪ್ರಾಣಿ ಮುಂದೆ ಬೆನ್ನು ಬಾಗಿ, ರೋಮ ಕೆದರಿ, ಭೇದಿಯಾಗಿ, ದಿನದಿನಕ್ಕೆ ತೂಕ ಕಳೆದುಕೊಂಡು ಸಾಯುತ್ತಿತ್ತು.

ಸಾಮಾನ್ಯವಾಗಿ ದೇಹವೇ ಕಸಿಯನ್ನು ತಿರಸ್ಕರಿಸುತ್ತದೆ; ಇಲ್ಲಿ ಆತಿಥೇಯ ದೇಹದ ರಕ್ಷಣೆ ಮೊದಲೇ ಕುಸಿದಿರುವುದರಿಂದ ಕಸಿಯೇ ಆ ದೇಹದ ಮೇಲೆ ತಿರುಗಿಬೀಳುತ್ತದೆ. ಹೀಗೆ ದಾಳಿ ಮಾಡುವವು, ಮಜ್ಜೆಯೊಡನೆ ಸೇರಿ ಬಂದ ಬಲಿತ ಟಿ ಕೋಶಗಳು, ಅಂದರೆ ಪರಕೀಯವಾದುದನ್ನು ಗುರುತಿಸಿ ಎದುರಿಸುವ ಬಿಳಿ ರಕ್ತಕಣಗಳು. ಕೋರ್ನ್‌ಗೋಲ್ಡ್ ಮತ್ತು ಸ್ಪ್ರೆಂಟ್ 1978ರಲ್ಲಿ ಇವನ್ನು ಮಜ್ಜೆಯಿಂದ ಮೊದಲೇ ತೆಗೆದುಹಾಕಿ, ಇಲಿಗಳಲ್ಲಿ ಮಾರಕ ರೋಗವನ್ನು ತಡೆದರು. ಅವರ ಇಲಿಗಳಲ್ಲಿ ಮುಖ್ಯ ಅಂಗಾಂಶ ಗುರುತುಗಳೆಲ್ಲ ಹೊಂದುತ್ತಿದ್ದು, ಕಿರು ಗುರುತುಗಳಷ್ಟೇ ಬೇರೆಯಾಗಿದ್ದವು ಎಂಬುದು ಗಮನಾರ್ಹ. ಪೂರ್ಣ ಹೊಂದಿಕೆಯ ಒಡಹುಟ್ಟಿದವರಿಂದ ಮಜ್ಜೆ ಪಡೆದ ರಕ್ತಕ್ಯಾನ್ಸರ್ ರೋಗಿಗೂ ಈ ಕಾಯಿಲೆ ಏಕೆ ಬರುತ್ತದೆಂಬುದು ಇದರಿಂದ ಅರ್ಥವಾಗುತ್ತದೆ.

ಆದರೂ ಟಿ ಕೋಶಗಳನ್ನು ಪೂರ್ತಿ ತೆಗೆಯುವುದು ದುಬಾರಿಯ ಉಪಾಯ, ಏಕೆಂದರೆ ಕಸಿ ನೆಲೆಯೂರಲು ನೆರವಾಗುವವೂ, ಅಳಿದುಳಿದ ರಕ್ತಕ್ಯಾನ್ಸರ್ ಕೋಶಗಳನ್ನು ಕೊಲ್ಲುವವೂ ಅವೇ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲುಜ್ನಿಕ್ ಮತ್ತು ಫುಕ್ಸ್ ಇಲಿಗಳಲ್ಲಿ ಪರೀಕ್ಷಿಸಿ ರೋಗಿಗಳಿಗೆ ತಂದ ವಿಧಾನವು ಕಾಲದ ಮೇಲೆ ನಿಂತಿದೆ: ಕಸಿಯಾದ ಕೆಲವೇ ದಿನಗಳಲ್ಲಿ ಪರಕೀಯ ಗುರುತು ಕಂಡ ಟಿ ಕೋಶಗಳು ಭರದಿಂದ ಇಬ್ಭಾಗವಾಗತೊಡಗಿದಾಗ, ವಿಭಜನೆಯಲ್ಲಿರುವ ಕೋಶಗಳನ್ನೇ ಹೆಚ್ಚಾಗಿ ಹೊಡೆಯುವ ಸೈಕ್ಲೋಫಾಸ್ಫಮೈಡ್ ಔಷಧಿಯನ್ನು, ಮನುಷ್ಯರಲ್ಲಾದರೆ ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ದಿನ, ಕೊಡಲಾಗುತ್ತದೆ. ಆಕರಕೋಶಗಳಲ್ಲಿ ಈ ಔಷಧಿಯನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಹೇರಳವಾಗಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಅರ್ಧವಷ್ಟೇ ಹೊಂದುವ ತಾಯಿಯೋ ತಂದೆಯೋ ಮಜ್ಜೆ ಕೊಡುವುದು ಇದರಿಂದ ಸುಗಮವಾಯಿತು. ಹೊಂದುವ ಒಡಹುಟ್ಟಿದವರಿಲ್ಲದ ಮಗುವಿನ ಪಾಲಿಗೆ ಇದು ಸಣ್ಣ ಮಾತಲ್ಲ.

ಈಚಿನ ಇಲಿ ಪ್ರಯೋಗಗಳು ಈ ವಿವರಣೆಯನ್ನೂ ತಿದ್ದುತ್ತಿವೆ: ದಾಳಿಕೋರ ಕೋಶಗಳೆಲ್ಲ ಸಾಯುವುದಿಲ್ಲ, ಹಲವು ಬಲಗುಂದಿ ಉಳಿಯುತ್ತವೆ, ಅವನ್ನು ಹದ್ದುಬಸ್ತಿನಲ್ಲಿಡಲು ನಿಯಂತ್ರಕ ಟಿ ಕೋಶಗಳೆಂಬ ಇನ್ನೊಂದು ಬಗೆಯ ಕೋಶಗಳು ಬೇಕಾಗುತ್ತವೆ.